ನೆಲದಡಿಯ ಬ್ಯಾರೆಲ್, ನೆಲದ ಮೇಲಿನ ಬ್ಯಾರೆಲ್

ತೈಲ, ನೈಸರ್ಗಿಕ ಅನಿಲ ಹುಡುಕಬಹುದಾದ ಪದರ ಶಿಲೆಯ ಪ್ರದೇಶಗಳೆಂದು ಭಾರತದಲ್ಲಿ 26 ಬೇಸಿನ್‌ಗಳನ್ನು ಗುರುತಿಸಿದ್ದಾರೆ. ಮುಂಬೈ ಕಡಲು, ಅಸ್ಸಾಂ, ಕೃಷ್ಣಾ–ಗೋದಾವರಿಗಳಂಥ ದೊಡ್ಡ ಹೆಸರುಗಳ ಜೊತೆಗೆ ಆ ಪಟ್ಟಿಯಲ್ಲಿ ನಮ್ಮ ಕಡೆಯದೂ ಒಂದಿದೆ: ಭೀಮಾ–ಕಲಾದಗಿ. ಶಹಾಬಾದ್, ವಾಡಿ ಸುತ್ತಿನಿಂದ ಶಹಾಪುರ ತಾಲ್ಲೂಕಿನ ಗೋಗಿಯವರೆಗೆ, ಅಲ್ಲಿಂದ ತಾಳಿಕೋಟೆಯ ಕಡೆಗೆ ಹಬ್ಬಿದ ಸುಣ್ಣಕಲ್ಲಿನ ಹರಹು ಅದರ ಭೀಮಾ ಭಾಗ. ಯಾದಗಿರಿ ಜಿಲ್ಲೆಯ ಒಂದು ಪಾಲು ಆ ಕಲ್ಲಿನ ಮೇಲೇ ಕೂತಿದೆ. 2017ರಲ್ಲಿ ಈ 26 ಬೇಸಿನ್‌ಗಳ ಸಂಪನ್ಮೂಲವನ್ನು ಮರುಅಂದಾಜು ಮಾಡಿದಾಗ ಬಂದ ಮೊತ್ತ ಸುಮಾರು 4,180 ಕೋಟಿ ಟನ್ ತೈಲಕ್ಕೆ ಸಮ. ಇಷ್ಟು ದೊಡ್ಡ ಅಂಕಿ, ಅದರ ಪಕ್ಕದಲ್ಲಿ ನಮ್ಮ ಭೀಮೆಯ ಹೆಸರು. ಎರಡನ್ನೂ ಒಟ್ಟಿಗೆ ಓದಿದವರಿಗೆ ಆಸೆ ಹುಟ್ಟಿದರೆ ತಪ್ಪೇನಿಲ್ಲ.

ಆದರೆ ಆಸೆಪಡುವ ಮೊದಲು ಒಂದು ಪ್ರಶ್ನೆ ಕೇಳಬೇಕು. ಈ ಲೆಕ್ಕ ಎಲ್ಲಿ ನಿಂತು ಮಾಡಿದ್ದು? ನೆಲದಡಿಯ ಬಂಡೆಯಲ್ಲಿ ಇರುವಷ್ಟೋ, ನೆಲದ ಮೇಲೆ ಟ್ಯಾಂಕಿಗೆ ಬಂದು ಬೀಳುವಷ್ಟೋ? ತೈಲ ಮತ್ತು ಅನಿಲದ ವಿಷಯದಲ್ಲಿ ಇವೆರಡೂ ಒಂದೇ ಅಲ್ಲ. ಎಷ್ಟು ಶಾಖದಲ್ಲಿ, ಎಷ್ಟು ಒತ್ತಡದಲ್ಲಿ ಅಳೆದದ್ದು ಎಂದು ಹೇಳದೆ ತೈಲದ ಗಾತ್ರ ಹೇಳುವುದು ಅರ್ಧ ಮಾತು. ಆ ಅರ್ಧ ಮಾತನ್ನು ಇಡೀ ಮಾತೆಂದು ಒಪ್ಪಿಕೊಳ್ಳುವ ನಮ್ಮ ರೂಢಿಗೆ ದೇಶದ ಬೊಕ್ಕಸವೂ ಬೆಲೆ ತೆತ್ತಿದೆ, ಬಂಕಿನ ಮುಂದೆ ಬೈಕ್ ನಿಲ್ಲಿಸುವ ಗಿರಾಕಿಯೂ ತೆರುತ್ತಿದ್ದಾನೆ.

ಮೊದಲು ನಮ್ಮ ನೆಲದ ಸಂಗತಿ ಮುಗಿಸಿಬಿಡೋಣ. ಯಾದಗಿರಿ ಕೋಟೆಯ ಬೆಟ್ಟ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಎಲ್ಲವೂ ಗ್ರಾನೈಟ್ ಸೀಮೆಯವು. ಕರಗಿ ಹೆಪ್ಪುಗಟ್ಟಿದ ಆ ಬಂಡೆಯಲ್ಲಿ ತೈಲ ಹುಟ್ಟುವುದಿಲ್ಲ. ಭೀಮಾ ಪದರಗಳು ಬೇರೆ ಬಗೆಯವು. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ವಾಡಿಯ ಸಿಮೆಂಟ್ ಕಾರ್ಖಾನೆಯ ಸುಣ್ಣಕಲ್ಲು ಬರುವುದು ಅವುಗಳಿಂದಲೇ. ಆ ಸುಣ್ಣಕಲ್ಲು ಗ್ರಾನೈಟಿಗೆ ತಾಗುವ ಬಿರುಕಿನ ಸಾಲಿನಲ್ಲಿ, ಗೋಗಿಯ ಹತ್ತಿರ, ಯುರೇನಿಯಂ ಸಿಕ್ಕಿದೆ. ತೈಲದ ಮಾತು ಮಾತ್ರ ಕಷ್ಟ. ಜೀವಾವಶೇಷ ಬೆಂದು ತೈಲವಾಗಲು ಸಾಮಾನ್ಯವಾಗಿ 60ರಿಂದ 120 ಡಿಗ್ರಿ ಶಾಖ ಬೇಕು, ಅದಕ್ಕೆ ಎರಡು ಮೂರು ಕಿಲೋಮೀಟರ್ ಆಳ ಬೇಕು. ಭೀಮಾ ಪದರಗಳ ಒಟ್ಟು ದಪ್ಪ ಸುಮಾರು 300 ಮೀಟರ್. ಅದಕ್ಕೇ ಈ ಬೇಸಿನ್ ಮೂರನೆಯ, ಅಂದರೆ ಕೊನೆಯ ವರ್ಗದಲ್ಲಿದೆ. ತೈಲ ತೆಗೆಯುತ್ತಿರುವುದು ಮೊದಲ ವರ್ಗದ ಬೇಸಿನ್‌ಗಳಲ್ಲಿ. ಮೂರನೆಯದರಲ್ಲಿ ಇನ್ನೂ ನೋಡಬೇಕು ಎಂಬುದಷ್ಟೇ ಅರ್ಥ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನಮ್ಮ ಕೆಳಗೆ ಬ್ಯಾರೆಲ್‌ಗಳು ಸಾಲಾಗಿ ಕೂತಿಲ್ಲ.

ನಿಜಕ್ಕೂ ತೈಲವಿರುವ ಕಡೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ನೆಲದಡಿಯಲ್ಲಿ ತೈಲದ ಕೆರೆ ಇರುತ್ತದೆ ಎಂಬುದು ತಪ್ಪು ಕಲ್ಪನೆ. ಮರಳುಗಲ್ಲಿನ ಕಾಳುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಲ್ಲಿ, ನೀರಿನ ಜೊತೆಗೆ, ಅದು ಸೇರಿಕೊಂಡಿರುತ್ತದೆ. ಎರಡೂವರೆ ಕಿಲೋಮೀಟರ್ ಆಳದಲ್ಲಿ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 250 ಪಟ್ಟು, ಶಾಖ 90 ಡಿಗ್ರಿಯ ಆಸುಪಾಸು. ಅಷ್ಟು ಒತ್ತಡದಲ್ಲಿ ಮೀಥೇನ್, ಈಥೇನ್‌ನಂಥ ಹಗುರ ಅನಿಲಗಳು ತೈಲದಲ್ಲೇ ಕರಗಿ ಕೂತಿರುತ್ತವೆ. ಕರಗಿದ ಅನಿಲಕ್ಕೂ ಜಾಗ ಬೇಕಲ್ಲ, ಹಾಗಾಗಿ ಆಳದಲ್ಲಿ ತೈಲ ಉಬ್ಬಿರುತ್ತದೆ.

ಬಾವಿ ಕೊರೆದು ದಾರಿ ಮಾಡಿಕೊಟ್ಟರೆ ತೈಲ ಮೇಲೇರುತ್ತದೆ, ಒತ್ತಡ ಇಳಿಯುತ್ತದೆ. ಮೊದಮೊದಲು ಒತ್ತಡ ತಗ್ಗಿದ್ದರಿಂದ ತೈಲ ಸ್ವಲ್ಪ ಹಿಗ್ಗುತ್ತದೆ. ಒಂದು ಹಂತ ಮುಟ್ಟಿದ ಕೂಡಲೇ ಕರಗಿದ್ದ ಅನಿಲ ಗುಳ್ಳೆಗಳಾಗಿ ಹೊರಬೀಳಲು ತೊಡಗುತ್ತದೆ. ಅಲ್ಲಿಂದ ಮುಂದೆ ಹಿಗ್ಗುವ ಮಾತಿಲ್ಲ. ಅನಿಲ ಬಿಟ್ಟುಹೋದಂತೆ ತೈಲ ಕುಗ್ಗುತ್ತಾ, ತಣ್ಣಗಾದಂತೆ ಇನ್ನಷ್ಟು ಕುಗ್ಗುತ್ತಾ ಬರುತ್ತದೆ. ನೆಲದಡಿಯ ಎಷ್ಟು ಬ್ಯಾರೆಲ್ ಸೇರಿದರೆ ಮೇಲಿನ ಟ್ಯಾಂಕಿನಲ್ಲಿ ಒಂದು ಬ್ಯಾರೆಲ್ ಆಗುತ್ತದೆ ಎಂಬ ಗುಣಕಕ್ಕೆ ತೈಲದವರು ಫಾರ್ಮೇಷನ್ ವಾಲ್ಯೂಮ್ ಫ್ಯಾಕ್ಟರ್ ಎನ್ನುತ್ತಾರೆ. ಅನಿಲ ಕಡಿಮೆ ಇರುವ ದಪ್ಪ ತೈಲಕ್ಕೆ ಅದು 1.05 ಇರಬಹುದು, ಸಾಮಾನ್ಯ ತೈಲಕ್ಕೆ 1.2ರಿಂದ 1.5, ತುಂಬಾ ಹಗುರ ತೈಲಕ್ಕೆ 2ನ್ನೂ ದಾಟಬಹುದು. ಗುಣಕ 1.4 ಎಂದಿಟ್ಟುಕೊಂಡರೆ ಆಳದ ಸಾವಿರ ಬ್ಯಾರೆಲ್ ಮೇಲೆ ಬರುವ ಹೊತ್ತಿಗೆ 714. ಉಳಿದ 286ನ್ನು ಯಾರೂ ಕದ್ದಿಲ್ಲ, ಎಲ್ಲೂ ಸೋರಿಲ್ಲ. ಅಳೆಯುವ ಜಾಗ ಬದಲಾಯಿತು, ಅಷ್ಟೆ.

ಅನಿಲದ ಕಥೆ ಇದರ ತಿರುವುಮುರುವು. ಆಳದಲ್ಲಿ ಅದು ಹಿಂಡಿ ಕೂತಿರುತ್ತದೆ, ಮೇಲೆ ಬಂದರೆ ಹರಡಿಕೊಳ್ಳುತ್ತದೆ. 250 ಬಾರ್ ಒತ್ತಡ, 90 ಡಿಗ್ರಿ ಶಾಖದಲ್ಲಿರುವ ಒಂದು ಘನ ಮೀಟರ್ ಅನಿಲವನ್ನು 15 ಡಿಗ್ರಿಗೆ, ಒಂದು ವಾತಾವರಣದ ಒತ್ತಡಕ್ಕೆ ತಂದರೆ ಎಷ್ಟಾಗುತ್ತದೆ? ಶಾಲೆಯಲ್ಲಿ ಕಲಿತ ಬಾಯ್ಲ್, ಚಾರ್ಲ್ಸ್ ನಿಯಮಗಳಿಂದ ಲೆಕ್ಕ ಹಾಕಿದರೆ ಸುಮಾರು 196 ಘನ ಮೀಟರ್. ಆದರೆ ನಿಜವಾದ ಅನಿಲ ಪುಸ್ತಕದ ಆದರ್ಶ ಅನಿಲವಲ್ಲ. ಅಷ್ಟು ಒತ್ತಡದಲ್ಲಿ ಅಣುಗಳು ಒಂದನ್ನೊಂದು ಎಳೆಯುತ್ತವೆ, ತಳ್ಳುತ್ತವೆ. ಅದಕ್ಕಾಗಿ ಝೆಡ್ ಎಂಬ ಇನ್ನೊಂದು ಗುಣಕ ಸೇರಿಸಬೇಕು. ಅದು 0.92 ಎಂದು ಹಿಡಿದರೆ ಉತ್ತರ 213ಕ್ಕೆ ಏರುತ್ತದೆ. ಒಂದು ಸಣ್ಣ ತಿದ್ದುಪಡಿಗೆ ಎಂಟು ಪರ್ಸೆಂಟಿಗೂ ಮಿಕ್ಕಿದ ವ್ಯತ್ಯಾಸ. ಕೋಟ್ಯಂತರ ಘನ ಮೀಟರ್ ಅನಿಲದಲ್ಲಿ ಎಂಟು ಪರ್ಸೆಂಟ್ ಎಂದರೆ ಸಣ್ಣ ದುಡ್ಡಲ್ಲ.

ಇಲ್ಲಿಯವರೆಗಿನದನ್ನು ಭೌತಶಾಸ್ತ್ರ ಎಂದು ಬದಿಗಿಡಬಹುದಿತ್ತು. ಹಾಗೆ ಬಿಡದಿರಲು ಕಾರಣವಿದೆ. ಈ ಗುಣಕಗಳು ನಿಸರ್ಗ ಬರೆದುಕೊಟ್ಟ ಒಂದೇ ಉತ್ತರವಲ್ಲ, ಮನುಷ್ಯರ ಆಯ್ಕೆಯೂ ಅವುಗಳಲ್ಲಿ ಬೆರೆತಿದೆ. ಬಾವಿಯಿಂದ ಬಂದ ತೈಲವನ್ನು ಸೆಪರೇಟರ್ ಎಂಬ ಪಾತ್ರೆಯಲ್ಲಿ ಬಿಟ್ಟು ಅನಿಲ ಬೇರ್ಪಡಿಸುತ್ತಾರೆ. ಒತ್ತಡವನ್ನು ಒಂದೇ ಸಲ ಪೂರ್ತಿ ಇಳಿಸಿದರೆ ಅನಿಲ ರಭಸದಿಂದ ಹೊರನುಗ್ಗುತ್ತಾ ತನ್ನ ಜೊತೆಗೆ ತೈಲದ ಹಗುರ ಭಾಗವನ್ನೂ ಎಳೆದೊಯ್ಯುತ್ತದೆ. ಎರಡು ಮೂರು ಹಂತಗಳಲ್ಲಿ ನಿಧಾನ ಇಳಿಸಿದರೆ ಆ ಹಗುರ ಭಾಗ ತೈಲದಲ್ಲೇ ಉಳಿದು ಟ್ಯಾಂಕಿಗೆ ಹೆಚ್ಚು ಬ್ಯಾರೆಲ್ ಬೀಳುತ್ತದೆ. ಆಳದ ತೈಲ ಅದೇ, ಮೇಲಿನ ಟ್ಯಾಂಕೂ ಅದೇ. ನಡುವಿನ ದಾರಿ ಬದಲಾದರೆ ಲೆಕ್ಕ ಬದಲಾಗುತ್ತದೆ.

ಕೊನೆಗೆ ಅಳೆಯುವ ಮಟ್ಟವೂ ಒಂದು ಒಪ್ಪಂದವೇ. ಭಾರತದಲ್ಲಿ ಅನಿಲದ ಸ್ಟ್ಯಾಂಡರ್ಡ್ ಘನ ಮೀಟರ್ ಅಂದರೆ 15 ಡಿಗ್ರಿಯ ಲೆಕ್ಕ. ಅಮೆರಿಕದಲ್ಲಿ 60 ಡಿಗ್ರಿ ಫ್ಯಾರನ್‌ಹೀಟ್, ಇದು 15ಕ್ಕಿಂತ ಸ್ವಲ್ಪ ಮೇಲೆ. ಯುರೋಪಿನ ಹಲವು ಕಡೆ ನಾರ್ಮಲ್ ಘನ ಮೀಟರ್ ಅಂದರೆ ಸೊನ್ನೆ ಡಿಗ್ರಿ. ಸೊನ್ನೆಯಲ್ಲಿ ಅಳೆದ ಅನಿಲವನ್ನೇ 15 ಡಿಗ್ರಿಯಲ್ಲಿ ಅಳೆದರೆ ಸಂಖ್ಯೆ ಐದೂವರೆ ಪರ್ಸೆಂಟ್ ಹೆಚ್ಚು ಬರುತ್ತದೆ. ಕರಾರಿನಲ್ಲಿ ಘನ ಮೀಟರ್ ಎಂದಷ್ಟೇ ಬರೆದು ಡಿಗ್ರಿ ಬರೆಯದೆ ಬಿಟ್ಟವನು ವಕೀಲರಿಗೆ ಕೆಲಸ ಕೊಟ್ಟಂತೆ.

ಯಾದಗಿರಿ ಹತ್ತಿರದ ಹತ್ತಿಕುಣಿಯ ರೈತರಿಗೆ ಇಂಥ ಲೆಕ್ಕ ಪೂರಾ ಹೊಸದಲ್ಲ. ಊರಿನ ಜಲಾಶಯ ತುಂಬಿದೆ ಎಂದರೆ ಅಷ್ಟೂ ನೀರು ಹೊಲಕ್ಕೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು. ತೂಬಿನ ಮಟ್ಟಕ್ಕಿಂತ ಕೆಳಗಿನದು ಅಲ್ಲೇ ಉಳಿಯುತ್ತದೆ, ಬೇಸಿಗೆಯ ಬಿಸಿಲು ತನ್ನ ಪಾಲು ತೆಗೆದುಕೊಳ್ಳುತ್ತದೆ, ಕಾಲುವೆ ಉದ್ದಕ್ಕೂ ಇಂಗುತ್ತದೆ, ಕೊನೆಯ ಹೊಲದವನಿಗೆ ಮಿಕ್ಕದ್ದು. ಅದಕ್ಕೇ ಅವರು ಡ್ಯಾಮಿನ ಮಟ್ಟ ಕೇಳಿ ಸುಮ್ಮನಾಗದೆ ಕಾಲುವೆಗೆ ಎಷ್ಟು ದಿನ ನೀರು ಬಿಡುತ್ತಾರೆ ಎಂದು ಕೇಳುತ್ತಾರೆ. ತೈಲದ ಸುದ್ದಿಗೂ ಬೇಕಾಗಿರುವುದು ಇದೇ ಪ್ರಶ್ನೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಡ್ಯಾಮಿನ ಒಂದು ಟಿಎಂಸಿ ಅಡಿ ನೀರು ಎಲ್ಲಿ ಅಳೆದರೂ ಹೆಚ್ಚುಕಡಿಮೆ ಒಂದೇ ಟಿಎಂಸಿ. ನೀರು ಕಡಿಮೆಯಾದರೆ ಅದು ಬೇರೆಲ್ಲಿಗೋ ಹೋಗಿದೆ ಎಂದೇ ಅರ್ಥ. ತೈಲ, ಅನಿಲಗಳ ಗಾತ್ರ ಹಾಗಲ್ಲ, ಎಲ್ಲಿಗೂ ಹೋಗದೆಯೂ ಬದಲಾಗುತ್ತದೆ. ಹಾಗಾಗಿ ಇಲ್ಲಿ ಎರಡು ಸೋಸುವಿಕೆ ಬೇಕು. ಬಂಡೆಯಲ್ಲಿರುವುದರಲ್ಲಿ ಎಷ್ಟನ್ನು ಹೊರತೆಗೆಯಬಹುದು ಎಂಬುದು ಒಂದು. ಹೊರಬಂದದ್ದು ಮೇಲೆ ಎಷ್ಟು ಗಾತ್ರವಾಗುತ್ತದೆ ಎಂಬುದು ಇನ್ನೊಂದು.

ಮೊದಲನೆಯದನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ಕೃಷ್ಣಾ–ಗೋದಾವರಿ ಬೇಸಿನ್‌ನ ಡಿ–6 ಬ್ಲಾಕ್ ಸಾಕ್ಷಿ. ರಿಲಯನ್ಸ್ ಅಲ್ಲಿ 2002ರಲ್ಲಿ ಅನಿಲ ಕಂಡಿತು. 2006ರ ಯೋಜನೆಯಲ್ಲಿ ಡಿ–1, ಡಿ–3 ಕ್ಷೇತ್ರಗಳಿಂದ ಹೊರತೆಗೆಯಬಹುದಾದ ಅನಿಲ ಸುಮಾರು 10 ಲಕ್ಷ ಕೋಟಿ ಘನ ಅಡಿ ಎಂದಿತ್ತು. ದಿನಕ್ಕೆ 8 ಕೋಟಿ ಘನ ಮೀಟರ್ ಬರುತ್ತದೆಂದು ದೇಶ ನಂಬಿತು. ಕಾಕಿನಾಡದಿಂದ ಕರ್ನಾಟಕದ ಮೂಲಕ ಹಾದು ಗುಜರಾತಿನ ಭರೂಚ್‌ಗೆ ಹೋಗುವ ದೊಡ್ಡ ಕೊಳವೆಮಾರ್ಗ ತಯಾರಾಯಿತು. ಆ ಅನಿಲವನ್ನು ನೆಚ್ಚಿ ವಿದ್ಯುತ್ ಸ್ಥಾವರಗಳು ಎದ್ದವು. 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಶುರುವಾಯಿತು, ಮರುವರ್ಷ ಶಿಖರ ಮುಟ್ಟಿ ಇಳಿಯತೊಡಗಿತು. ಮೀಸಲಿನ ಅಂದಾಜು ಮೂರು ಲಕ್ಷ ಕೋಟಿ ಘನ ಅಡಿಯ ಹತ್ತಿರಕ್ಕೆ ಕುಸಿಯಿತು. 2020ರ ಫೆಬ್ರುವರಿಯಲ್ಲಿ ಆ ಎರಡು ಕ್ಷೇತ್ರಗಳು ನಿಂತೇ ಹೋದವು. ಬಂಡೆಯ ರಚನೆ ಎಣಿಸಿದಂತಿರಲಿಲ್ಲ, ನೀರು ಮರಳು ನುಗ್ಗಿತು ಎಂದು ಕಂಪನಿ ಹೇಳಿತು. ಒಪ್ಪಿಕೊಂಡಷ್ಟು ಬಾವಿ ಕೊರೆಯಲಿಲ್ಲ ಎಂದು ಸರ್ಕಾರ ದೂರಿತು. ಶಾಖ, ಒತ್ತಡದ ಗುಣಕ ತಪ್ಪಿ ಆದ ಅನಾಹುತ ಇದಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಅಂದಾಜನ್ನು ಕೈಗೆ ಬಂದ ವಸ್ತುವಿನಂತೆ ಮಾತಾಡಿದ್ದು ಎಲ್ಲರೂ ಸೇರಿ ಮಾಡಿದ ತಪ್ಪು.

ಎರಡನೆಯ ಸೋಸುವಿಕೆಯ ಬೆಲೆಯೂ ಅದೇ ಕಡಲಲ್ಲಿ ಕಾಣುತ್ತದೆ. ಪಕ್ಕದ ಒಎನ್‌ಜಿಸಿ ಬ್ಲಾಕಿನ ಅನಿಲ ನೆಲದಡಿಯಲ್ಲೇ ಹರಿದು ಡಿ–6ರ ಬಾವಿಗಳಿಗೆ ಬಂದಿದೆ ಎಂಬ ತಕರಾರು ಎದ್ದಾಗ, 2015ರ ತಜ್ಞ ವರದಿ ಹಾಗೆ ಬಂದದ್ದು ಸುಮಾರು 1,100 ಕೋಟಿ ಘನ ಮೀಟರ್ ಎಂದಿತು. ಮರುವರ್ಷ ಸರ್ಕಾರ ಸುಮಾರು 155 ಕೋಟಿ ಡಾಲರ್ ಕೇಳಿತು. ಮೊಕದ್ದಮೆ ಮಧ್ಯಸ್ಥರ ಬಳಿಗೆ ಹೋಗಿ, ಅಲ್ಲಿಂದ ದೆಹಲಿ ಹೈಕೋರ್ಟ್ ಹತ್ತಿತು. ಆ 1,100 ಕೋಟಿ ಘನ ಮೀಟರ್ ಮೇಲಿನ ಲೆಕ್ಕ. ಮೇಲೆ ಉದಾಹರಣೆಗೆಂದು ಹಿಡಿದ 213ರ ಗುಣಕದಲ್ಲೇ ಭಾಗಿಸಿದರೆ ಅದು ಆಳದಲ್ಲಿ ಐದು ಕೋಟಿ ಘನ ಮೀಟರ್ ಚಿಲ್ಲರೆ ಜಾಗ, ಅಂದರೆ ಎರಡು ಟಿಎಂಸಿ ಅಡಿಗೂ ಕಡಿಮೆ. ಬಂಡೆಯ ಸಂದುಗಳಲ್ಲಿ ಹರಿದದ್ದು ಅಷ್ಟು, ಬಿಲ್ಲಿನಲ್ಲಿ ಬರೆದದ್ದು ಇಷ್ಟು. ನಡುವೆ ನಿಂತು ಎರಡನ್ನೂ ಹೊಂದಿಸುವುದು ಆ ಒಂದು ಗುಣಕ. ಹರಿದುಹೋದದ್ದನ್ನು ಮತ್ತೆ ತಂದು ಅಳೆಯಲು ಯಾರಿಗೂ ಆಗದು.

ಗಾತ್ರದ ಈ ಚಂಚಲತೆ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಸಾಧ್ಯವಾದಲ್ಲೆಲ್ಲ ಅವರು ಅದರಿಂದ ತಪ್ಪಿಸಿಕೊಂಡಿದ್ದಾರೆ. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ತೈಲ ದಾಸ್ತಾನಿನ ಸಾಮರ್ಥ್ಯವನ್ನು 15 ಲಕ್ಷ ಟನ್, 25 ಲಕ್ಷ ಟನ್ ಎಂದು ತೂಕದಲ್ಲೇ ಹೇಳುತ್ತಾರೆ. ಅಡುಗೆ ಅನಿಲದ ಸಿಲಿಂಡರ್ 14.2 ಕಿಲೋ. ಸಿಎನ್‌ಜಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಬಾವಿಯ ಬಾಯಲ್ಲಿ ನೈಸರ್ಗಿಕ ಅನಿಲಕ್ಕೆ ಬೆಲೆ ಕಟ್ಟುವುದು ಉರಿದರೆ ಎಷ್ಟು ಶಾಖ ಕೊಡುತ್ತದೆ ಎಂಬುದರ ಮೇಲೆ. ಬಿಸಿಲಿಗೆ ತೂಕವೂ ಹೆಚ್ಚುವುದಿಲ್ಲ, ಉರಿಯುವ ಶಕ್ತಿಯೂ ಹೆಚ್ಚುವುದಿಲ್ಲ. ಗಾತ್ರ ಹೆಚ್ಚುತ್ತದೆ. ನಮಗೆ ಲೀಟರಿನಲ್ಲಿ ಮಾರುವುದು ಮುಖ್ಯವಾಗಿ ಪೆಟ್ರೋಲ್, ಡೀಸೆಲ್.

ಈಗ ಬಂಕಿಗೆ ಬರೋಣ. ಟ್ಯಾಂಕರ್ ಬಂದಾಗ ಬಂಕಿನವರು ಏನು ಮಾಡುತ್ತಾರೆ ನೋಡಿ. ಮೊದಲು ಕೋಲು ಇಳಿಸಿ ಇಂಧನದ ಮಟ್ಟ, ಅಂದರೆ ಡಿಪ್, ನೋಡುತ್ತಾರೆ. ಗಾಜಿನ ಜಾರಿಗೆ ಪೆಟ್ರೋಲ್ ಹಿಡಿದು ಅದರಲ್ಲಿ ಹೈಡ್ರೋಮೀಟರ್ ತೇಲಿಬಿಡುತ್ತಾರೆ, ಪಕ್ಕದಲ್ಲಿ ಥರ್ಮಾಮೀಟರ್ ಇಡುತ್ತಾರೆ. 32 ಡಿಗ್ರಿಯಲ್ಲಿ ಡೆನ್ಸಿಟಿ ಘನ ಮೀಟರಿಗೆ 735 ಕಿಲೋ ಬಂತು ಎನ್ನಿ. ಕೋಷ್ಟಕ ತೆಗೆದು ಅದನ್ನು 15 ಡಿಗ್ರಿಗೆ ಪರಿವರ್ತಿಸಿದರೆ ಸುಮಾರು 750. ಅದನ್ನು ಚಲನ್‌ನಲ್ಲಿ ಬರೆದ ಡೆನ್ಸಿಟಿಯ ಜೊತೆ ಹೋಲಿಸುತ್ತಾರೆ. ವ್ಯತ್ಯಾಸ ಮೂರರೊಳಗಿದ್ದರೆ ಸರಿ, ಮೀರಿದರೆ ಕಲಬೆರಕೆಯ ಅನುಮಾನ. ತೈಲ ಕಂಪನಿ ಮತ್ತು ಬಂಕಿನವರ ನಡುವೆ ಡಿಗ್ರಿಯ ಲೆಕ್ಕ ಇಷ್ಟು ಶಿಸ್ತಿನದು. ಅದೇ ಪೆಟ್ರೋಲ್ ನಳಿಕೆಯಿಂದ ನಮ್ಮ ಬೈಕಿಗೆ ಬೀಳುವಾಗ ಡಿಗ್ರಿಯ ಮಾತೇ ಇಲ್ಲ. ಎಷ್ಟು ಬಿಸಿಯಿದೆಯೋ ಅಷ್ಟೇ ಬಿಸಿಯಲ್ಲಿ ಒಂದು ಲೀಟರ್.

ಪೆಟ್ರೋಲ್ ಒಂದು ಡಿಗ್ರಿಗೆ ಸಾವಿರದಲ್ಲಿ ಸುಮಾರು 1.2 ಪಾಲು ಹಿಗ್ಗುತ್ತದೆ. ಒಂದು ಊರಿನ ಬಂಕಿನ ಟ್ಯಾಂಕಿಗಿಂತ ಇನ್ನೊಂದು ಊರಿನದು ಏಳು ಡಿಗ್ರಿ ಬಿಸಿ ಇದ್ದರೆ, ಬಿಸಿ ಊರಿನವನಿಗೆ ನೂರು ರೂಪಾಯಿಗೆ ಹತ್ತಿರ ಹತ್ತಿರ 80 ಪೈಸೆಯ ಇಂಧನ ಕಡಿಮೆ. ಮಡಿಕೇರಿ, ಯಾದಗಿರಿಗಳ ಹವಾಮಾನ ಬಲ್ಲವರಿಗೆ ಏಳು ಡಿಗ್ರಿ ದೊಡ್ಡ ಮಾತಲ್ಲ. ಎರಡೂ ಊರಿನ ದರದಲ್ಲಿ ಸಾಗಣೆ ವೆಚ್ಚದ ವ್ಯತ್ಯಾಸ ಸೇರುತ್ತದೆ, ಬಿಸಿಲಿನ ವ್ಯತ್ಯಾಸ ಸೇರುವುದಿಲ್ಲ. ಹಾಗೆಂದು ಬೆಳಿಗ್ಗೆ ಬೇಗ ಪೆಟ್ರೋಲ್ ಹಾಕಿಸಿದರೆ ಲಾಭ ಎಂಬ ವಾಟ್ಸ್ಆ್ಯಪ್ ಸಲಹೆಯನ್ನು ನಂಬಬೇಕಿಲ್ಲ. ಟ್ಯಾಂಕ್ ನೆಲದೊಳಗಿರುತ್ತದೆ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಊರಿಂದೂರಿಗೆ, ಕಾಲದಿಂದ ಕಾಲಕ್ಕೆ.

ಹಾಗಾದರೆ ಎಲ್ಲ ಬಂಕುಗಳಲ್ಲೂ 15 ಡಿಗ್ರಿಗೆ ತಿದ್ದಿ ಕೊಡುವ ಯಂತ್ರ ಹಾಕಬೇಕೇ? ಕೆನಡಾದ ಬಂಕುಗಳಲ್ಲಿ ಇಂಥದ್ದು ಸಾಮಾನ್ಯ. ಚಳಿ ದೇಶದಲ್ಲಿ ತಿದ್ದುಪಡಿಯಿಂದ ಮಾರುವವನಿಗೇ ಲಾಭ ಎಂಬುದನ್ನೂ ಗಮನಿಸಬೇಕು. ಬಿಸಿ ದ್ವೀಪವಾದ ಹವಾಯಿ ಬೇರೆ ದಾರಿ ಹಿಡಿಯಿತು, ಗ್ಯಾಲನ್ ಅಳತೆಯನ್ನೇ ಸ್ವಲ್ಪ ಹಿಗ್ಗಿಸಿತು. ಅಮೆರಿಕದ ಉಳಿದ ಕಡೆ ಬಿಸಿ ಪೆಟ್ರೋಲಿನ ಹೆಸರಿನಲ್ಲಿ ಗಿರಾಕಿಗಳು ಕೋರ್ಟಿಗೆ ಹೋದರು. ಇದಕ್ಕೆ ಎದುರಾದ ವಾದವೂ ಗಟ್ಟಿಯೇ. ಯಂತ್ರ ಹಾಕಿದರೆ ಲೀಟರಿನ ದರವನ್ನೂ ಅದಕ್ಕೆ ತಕ್ಕಂತೆ ಏರಿಸುತ್ತಾರೆ, ಯಂತ್ರದ ಖರ್ಚೂ ಗಿರಾಕಿಯ ತಲೆಗೇ ಬರುತ್ತದೆ. ಕ್ಯಾಲಿಫೋರ್ನಿಯಾದ ಇಂಧನ ಆಯೋಗ 2009ರಲ್ಲಿ ಅಧ್ಯಯನ ಮಾಡಿ ಗಿರಾಕಿಗೆ ನಿವ್ವಳ ಲಾಭ ಕಾಣುವುದಿಲ್ಲ ಎಂದೇ ಹೇಳಿತು. ಸಾವಿರಾರು ಬಂಕುಗಳು ದರಕ್ಕಾಗಿ ಪೈಪೋಟಿ ಮಾಡುವ ಕಡೆ ಆ ವಾದ ಸರಿ. ಬಿಸಿ ಊರಿನ ದರ ತಾನಾಗಿಯೇ ತುಸು ತಗ್ಗಬಹುದು. ಮೂರು ಸರ್ಕಾರಿ ಕಂಪನಿಗಳೇ ಬಹುಪಾಲು ಮಾರುಕಟ್ಟೆ ಹಿಡಿದು, ಬಂಕಿನ ದರ ಮೇಲಿನಿಂದ ಬರುವ ನಮ್ಮಲ್ಲಿ ಹಾಗೆ ತಗ್ಗಲು ದಾರಿಯಿಲ್ಲ. ಹೀಗಾಗಿ ನನ್ನ ಬೇಡಿಕೆ ಯಂತ್ರದ್ದಲ್ಲ. ಸಾಗಣೆ ವೆಚ್ಚವನ್ನು ಊರಿಗೆ ತಕ್ಕಂತೆ ಸೇರಿಸಲು ಬರುವ ಕಂಪನಿಗೆ, ಆ ಊರಿನ ಟ್ಯಾಂಕಿನ ವರ್ಷದ ಸರಾಸರಿ ಶಾಖವನ್ನು ದರದಲ್ಲಿ ಸೇರಿಸಲೂ ಬರಬೇಕು. ಅದಕ್ಕೆ ಹೊಸ ಯಂತ್ರ ಬೇಡ, ಒಂದು ಗುಣಾಕಾರ ಸಾಕು.

ಇದೆಲ್ಲ ತಜ್ಞರಿಗೆ ಬಿಡಬೇಕಾದ ವಿಷಯ, ಜನರಿಗೆ ಯಾಕೆ ಎಂದು ಕೇಳುವವರಿದ್ದಾರೆ. ತಜ್ಞರ ಲೆಕ್ಕದ ಬಗ್ಗೆ ನನಗೆ ತಕರಾರಿಲ್ಲ. ಅವರ ವರದಿಗಳಲ್ಲಿ ಆಳದ ಅಂದಾಜು, ಹೊರತೆಗೆಯಬಹುದಾದದ್ದು, ಟ್ಯಾಂಕಿಗೆ ಬಿದ್ದದ್ದು ಎಲ್ಲವೂ ಬೇರೆಬೇರೆ ಕಾಲಂನಲ್ಲಿರುತ್ತವೆ. ಆ ಕಾಲಂಗಳ ತಲೆಬರಹ ಕಳಚಿ ಬೀಳುವುದು ವರದಿಯಿಂದ ಸಚಿವರ ಭಾಷಣಕ್ಕೆ, ಭಾಷಣದಿಂದ ಪತ್ರಿಕೆಗೆ, ಪತ್ರಿಕೆಯಿಂದ ಷೇರು ಪೇಟೆಗೆ ಬರುವ ದಾರಿಯಲ್ಲಿ. ತಜ್ಞರ ಕೈದಾಟಿದ ಮೇಲೆ ಆಗುವ ಈ ಕೆಡುಕನ್ನು ತಜ್ಞರು ತಡೆಯಲಾರರು, ಓದುವವರು ಮಾತ್ರ ತಡೆಯಬಲ್ಲರು. ಪ್ರತಿ ಸುದ್ದಿಗೂ ಪಾಠ ಸೇರಿಸಿದರೆ ಯಾರು ಓದುತ್ತಾರೆ ಎಂಬ ಆಕ್ಷೇಪಕ್ಕೂ ಉತ್ತರ ಸುಲಭ. ಪಾಠ ಬೇಡ, ಒಂದು ಸಾಲು ಸಾಕು: ಹೊರತೆಗೆಯಬಹುದಾದದ್ದು ಇಷ್ಟು, 15 ಡಿಗ್ರಿಯ ಲೆಕ್ಕದಲ್ಲಿ.

ಬಂಕಿನಲ್ಲಿ ಆ ಹಕ್ಕು ಈಗಲೇ ನಮ್ಮ ಕೈಯಲ್ಲಿದೆ. ಡೆನ್ಸಿಟಿ ಬರೆದು ಹಾಕಿರುವುದನ್ನು ನೋಡಬಹುದು, ಪರೀಕ್ಷಿಸಿ ತೋರಿಸಿ ಎನ್ನಬಹುದು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಐದು ಲೀಟರ್ ಅಳತೆಯಲ್ಲಿ ಸುರಿದು ತೋರಿಸಲು ಹೇಳಬಹುದು. ತೈಲ ಸಿಕ್ಕಿತು, ಅನಿಲ ಸಿಕ್ಕಿತು ಎಂಬ ಘೋಷಣೆಗಳ ಮುಂದೆಯೂ ಅದೇ ಧೈರ್ಯ ಬೇಕು. ನಾಳೆ ಭೀಮಾ ಬೇಸಿನ್‌ನಲ್ಲಿ ಯಾರಾದರೂ ರಿಗ್ ತಂದು ನಿಲ್ಲಿಸಿ ಇಷ್ಟು ಕೋಟಿ ಬ್ಯಾರೆಲ್ ಇದೆ ಎಂದರೆ, ಯಾದಗಿರಿಯವರು ಜಮೀನಿನ ದರ ಮಾತಾಡುವ ಮೊದಲು ಮೂರು ಪ್ರಶ್ನೆ ಮುಂದಿಡಲಿ. ಬಂಡೆಯಲ್ಲಿರುವುದೋ, ಹೊರಬರುವುದೋ? ಎಷ್ಟು ಶಾಖ, ಎಷ್ಟು ಒತ್ತಡದ ಲೆಕ್ಕ? ಯಾವ ಗುಣಕ ಹಿಡಿದಿರಿ, ಅದನ್ನು ಅಳೆದಿರೋ, ಊಹಿಸಿದಿರೋ? ಮೂರಕ್ಕೂ ನೇರ ಉತ್ತರ ಬರುವ ತನಕ ಆ ಅಂಕಿಯನ್ನು ನಂಬಿ ಒಂದು ಎಕರೆಯನ್ನೂ ಬರೆದುಕೊಡಬಾರದು.